ಮನೆ ಸ್ಟುಡಿಯೋಗೆ ಮಿಕ್ಸರ್: ಚಾನೆಲ್ ಎಣಿಸುವ ಮೊದಲು ಹಾಡುವವರ ಕಿವಿ ನೋಡಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಸ್ಟುಡಿಯೋ ಕಟ್ಟಿಕೊಳ್ಳುವವರಿಗಾಗಿ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಮೈಕು, ಸ್ಪೀಕರು, ಗೋಡೆಗೆ ಹಚ್ಚುವ ಫೋಮ್ ಎಲ್ಲದರ ಬಗ್ಗೆಯೂ ಲೇಖಕರು ಅಕ್ಕರೆಯಿಂದ ಬರೆದಿದ್ದಾರೆ. ಆದರೆ ಡಿಜಿಟಲ್ ಮಿಕ್ಸಿಂಗ್ ಕನ್ಸೋಲ್ (ಹಲವು ಮೈಕುಗಳ ದನಿ ಬೆರೆಸಿ ಬೇಕಾದಲ್ಲಿಗೆ ಕಳಿಸುವ ಮಿಕ್ಸರ್) ಆರಿಸುವ ವಿಷಯಕ್ಕೆ ಬಂದಾಗ ಅವರು ಕೊಟ್ಟ ಸಲಹೆ ಒಂದೇ ಸಾಲಿನದು: ಕೈಗೆಟುಕುವುದರಲ್ಲಿ ಅತಿ ಹೆಚ್ಚು ಚಾನೆಲ್ (ಒಂದೊಂದು ದನಿ ಸಾಗುವ ದಾರಿ) ಇರುವುದನ್ನು ತೆಗೆದುಕೊಳ್ಳಿ, ಮುಂದೆ ಬೇಕಾಗುತ್ತದೆ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವೇದಿಕೆಗಳಲ್ಲಿ ಸೌಂಡ್ ನೋಡಿಕೊಂಡವನು. ಈಗ ಒಂಬತ್ತು ವರ್ಷದಿಂದ ಮನೆಯ ಒಂದು ಕೋಣೆಯಲ್ಲಿ ಹಾಡು, ಕಥೆ ಓದುವುದು, ಒಮ್ಮೊಮ್ಮೆ ಸಣ್ಣ ಬ್ಯಾಂಡ್ ಇವನ್ನೆಲ್ಲ ರೆಕಾರ್ಡ್ ಮಾಡುತ್ತಿದ್ದೇನೆ. ಇದೇ ಸಲಹೆಯನ್ನು ನಂಬಿ ನಾನೂ ಮೊದಲ ಕನ್ಸೋಲ್ ತಂದೆ. ಅದರ ಫಲವನ್ನು ನನಗಿಂತ ಹೆಚ್ಚಾಗಿ ಒಬ್ಬ ಹುಡುಗಿ ಅನುಭವಿಸಿದಳು. ಅದನ್ನು ಹೇಳದೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಹದಿನಾರೋ ಹದಿನೇಳೋ ವಯಸ್ಸಿರಬೇಕು ಅವಳಿಗೆ. ಒಳ್ಳೆಯ ದನಿ, ಒಳ್ಳೆಯ ತರಬೇತಿ. ಮೊದಲೇ ರೆಕಾರ್ಡ್ ಆಗಿದ್ದ ಗಿಟಾರಿನ ಮೇಲೆ ಅವಳು ಹಾಡಬೇಕಿತ್ತು. ಪ್ರತಿ ಸಾಲೂ ತಾಳದ ಹಿಂದೆ ಬೀಳತೊಡಗಿತು. ಪಲ್ಲವಿಯಲ್ಲಿ ಸ್ವಲ್ಪ, ಚರಣಕ್ಕೆ ಬಂದಾಗ ಇನ್ನೂ ಸ್ವಲ್ಪ. ಏಳೆಂಟು ಟೇಕ್ ಆದವು. ನಡುನಡುವೆ ಅವಳು ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿಕೊಂಡು ಹಾಡುತ್ತಿದ್ದಳು. ಆಗ ತಾಳ ಕೊಂಚ ಸರಿಹೋಗುತ್ತಿತ್ತು. ಅದರ ಅರ್ಥ ನನಗೆ ಅಂದೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಒಂಬತ್ತನೇ ಟೇಕ್ ಮುಗಿದ ಮೇಲೆ ಅವಳು ಮೆಲ್ಲಗೆ ಅಂದಳು: "ಸರ್, ನನ್ನ ದನಿ ನನಗೇ ಹಿಂದಿನಿಂದ ಬರ್ತಾ ಇದೆ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಮಾತು ನನ್ನ ಮನಸ್ಸಿನಲ್ಲಿ ಸುಳಿಯಿತು. ಬಾಯಿಬಿಟ್ಟು ಅಷ್ಟು ಹೇಳಲಿಲ್ಲವಾದರೂ, "ತಾಳ ಗಟ್ಟಿ ಮಾಡ್ಕೊಂಡು ಇನ್ನೊಂದು ದಿನ ಬಾಮ್ಮಾ" ಎಂದೆ. ಅವಳ ಕಣ್ಣು ತುಂಬಿದ್ದು ಕಂಡಿತು. ಏನೂ ಹೇಳದೆ ಹೊರಟುಹೋದಳು.

ರಾತ್ರಿ ಮಲಗುವ ಮುಂಚೆ ಅದೇ ಹೆಡ್‌ಫೋನ್ ಹಾಕಿಕೊಂಡು ಅವಳು ನಿಂತ ಜಾಗದಲ್ಲೇ ನಿಂತೆ. ಮೈಕಿನ ಸ್ಟ್ಯಾಂಡಿಗೆ ಉಗುರಿನಿಂದ ಒಮ್ಮೆ ತಟ್ಟಿದೆ. ಬೆರಳಿಗೆ ಮೊದಲು ತಾಗಿತು, ಕಿವಿಗೆ ಆಮೇಲೆ ಬಂತು. ಇನ್ನೊಮ್ಮೆ ತಟ್ಟಿದೆ, ಹಾಗೇ ಆಯಿತು. ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವನು ನಾನೇ.

ಆದದ್ದು ಇಷ್ಟು. ಅವಳ ದನಿಗೆ ಸ್ವಲ್ಪ ರಿವರ್ಬ್ (ದೊಡ್ಡ ಸಭಾಂಗಣದಲ್ಲಿ ಕೇಳುವಂಥ ಅನುರಣನ) ಸೇರಿಸಿ ಕೇಳಿಸೋಣ ಎಂದು ನಾನು ಮೈಕಿನ ಸಿಗ್ನಲ್ಲನ್ನು ಕನ್ಸೋಲಿನಿಂದ ಕಂಪ್ಯೂಟರಿಗೆ ಕಳಿಸಿ, ಅಲ್ಲಿನ ಪ್ಲಗಿನ್ (ದನಿ ಬದಲಿಸುವ ಪುಟ್ಟ ಸಾಫ್ಟ್‌ವೇರ್) ಹಾಯಿಸಿ, ಮತ್ತೆ ಕನ್ಸೋಲಿಗೆ ತಂದು ಹೆಡ್‌ಫೋನಿಗೆ ಕೊಟ್ಟಿದ್ದೆ. ಕಂಪ್ಯೂಟರು ಧ್ವನಿಯನ್ನು ಹನಿಹನಿಯಾಗಿ ತೆಗೆದುಕೊಳ್ಳುವುದಿಲ್ಲ. ಬೊಗಸೆ ತುಂಬುವ ತನಕ ಕಾದು, ತುಂಬಿದ ಮೇಲೆ ಎತ್ತಿಕೊಳ್ಳುತ್ತದೆ. ಆ ಬೊಗಸೆಯ ಅಳತೆಯೇ ಬಫರ್. ಸೆಕೆಂಡಿಗೆ 48,000 ಹನಿ, ಅಂದರೆ ಸ್ಯಾಂಪಲ್, ಓಡುವಾಗ 512 ಸ್ಯಾಂಪಲಿನ ಬೊಗಸೆ ತುಂಬಲು 10.7 ಮಿಲಿಸೆಕೆಂಡ್ ಬೇಕು. ಒಳಗೆ ಬರಲು ಒಂದು ಬೊಗಸೆ, ಹೊರಗೆ ಹೋಗಲು ಇನ್ನೊಂದು. ಅಲ್ಲಿಗೇ 21 ದಾಟಿತು. ಯುಎಸ್‌ಬಿ ಮತ್ತು ದನಿಯನ್ನು ಅಂಕಿಗೂ ಅಂಕಿಯನ್ನು ದನಿಗೂ ಬದಲಿಸುವ ಕನ್ವರ್ಟರುಗಳ ಪಾಲು ಸೇರಿದರೆ 25ರ ಹತ್ತಿರ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಆ ಲೆಕ್ಕದಲ್ಲಿ, ಎಂಟೂವರೆ ಮೀಟರ್ ಆಚೆ ನಿಂತ ಇನ್ನೊಬ್ಬರು ತನ್ನದೇ ದನಿಯಲ್ಲಿ ಹಾಡುತ್ತಿರುವುದನ್ನು ಕೇಳಿಸಿಕೊಂಡು ಆ ಮಗು ಹಾಡಬೇಕಿತ್ತು. ಮೂವತ್ತು ವರ್ಷ ಅನುಭವ ಇರುವವರೂ ಅಲ್ಲಿ ತಡವರಿಸುತ್ತಾರೆ.

ಬಫರ್ ಕಡಿಮೆ ಮಾಡಬಹುದಿತ್ತಲ್ಲ ಎನ್ನುತ್ತೀರಿ. 64ಕ್ಕೆ ಇಳಿಸಿದರೆ ಒಂದು ಬೊಗಸೆಗೆ 1.3 ಮಿಲಿಸೆಕೆಂಡ್ ಸಾಕು, ನಿಜ. ಆದರೆ ಟ್ರ್ಯಾಕುಗಳೂ ಪ್ಲಗಿನ್ನುಗಳೂ ಹೆಚ್ಚಿದಂತೆ ಕಂಪ್ಯೂಟರಿಗೆ ಅಷ್ಟು ಬೇಗ ಬೇಗ ಎತ್ತಿ ಇಡಲು ಆಗುವುದಿಲ್ಲ. ಚಟಪಟ ಶುರುವಾಗುತ್ತದೆ. ಹಾಗೆ ಶುರುವಾಗಿದ್ದಕ್ಕೇ ನಾನು 512ಕ್ಕೆ ಏರಿಸಿದ್ದು.

ಮೇಜಿನ ಮೇಲೆ 32 ಚಾನೆಲಿನ ಕನ್ಸೋಲ್ ಕುಳಿತಿತ್ತು. ಅದರೊಳಗೇ ರಿವರ್ಬ್ ಇತ್ತು. ಆ ದನಿಯನ್ನು ಕಂಪ್ಯೂಟರ್ ಮುಟ್ಟಿಸದೆ ಅಲ್ಲಿಂದಲೇ ತಿರುಗಿಸಿ ಕಿವಿಗೆ ಕೊಟ್ಟಿದ್ದರೆ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಉದಾಹರಣೆಗೆ ಬೆರಿಂಗರ್ ಕಂಪನಿಯ ಎಕ್ಸ್32 ಎಂಬ ಕನ್ಸೋಲಿನ ತಾಂತ್ರಿಕ ವಿವರದಲ್ಲಿ ಒಳಗಿನಿಂದ ಹೊರಕ್ಕೆ 0.8 ಮಿಲಿಸೆಕೆಂಡ್ ಎಂದೇ ಬರೆದಿದೆ. ಗಾಳಿಯಲ್ಲಿ ದನಿ ಒಂದಡಿ ಸಾಗುವಷ್ಟು ಹೊತ್ತೂ ಅಲ್ಲ ಅದು. ಚಾನೆಲ್ ಎಷ್ಟಿದೆ ಎಂದು ಎಣಿಸಿ ತಂದ ನಾನು, ಹಾಡುವವರ ಕಿವಿಗೆ ಯಾವ ದಾರಿಯಲ್ಲಿ ಏನು ಹೋಗಬೇಕು ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ.

ಮಾರನೆಯ ದಿನ ಅವಳ ಮನೆಗೆ ಫೋನ್ ಮಾಡಿ ತಪ್ಪು ನನ್ನದೆಂದು ಹೇಳಿದೆ. ವಾರ ಬಿಟ್ಟು ಬಂದಳು. ಈ ಸಲ ಕನ್ಸೋಲಿನಿಂದಲೇ ಕಿವಿಗೆ ಕೊಟ್ಟೆ. ಎರಡನೇ ಟೇಕಿನಲ್ಲಿ ಹಾಡು ಮುಗಿಯಿತು. ಹೆಡ್‌ಫೋನ್ ಕಿವಿಯಿಂದ ಸರಿಯಲಿಲ್ಲ.

ಆ ದಿನದಿಂದ, ಯಾರು ಕನ್ಸೋಲ್ ಬಗ್ಗೆ ಕೇಳಿದರೂ ನಾನು ಹೇಳುವುದು ಒಂದೇ ಮಾತು. ವೇದಿಕೆಯಲ್ಲಿ ಕನ್ಸೋಲಿನ ಕೆಲಸ ಸಭಿಕರಿಗೆ ಮಿಕ್ಸ್ ಮಾಡುವುದು. ಮನೆ ಸ್ಟುಡಿಯೋದಲ್ಲಿ ಮಿಕ್ಸ್ ಆಗುವುದು ಆಮೇಲೆ, ಕಂಪ್ಯೂಟರಿನಲ್ಲಿ, ನಿಧಾನವಾಗಿ. ಇಲ್ಲಿ ಕನ್ಸೋಲಿನ ಕೆಲಸ ಆ ಹೊತ್ತಿನದು: ಮೈಕಿನ ದನಿಯನ್ನು ಗದ್ದಲವಿಲ್ಲದೆ ಎತ್ತಿಕೊಳ್ಳಬೇಕು, ಅದನ್ನು ಹಾಗೇ ಕಂಪ್ಯೂಟರಿಗೆ ದಾಟಿಸಬೇಕು, ಹಾಡುವವರಿಗೆ ಬೇಕಾದದ್ದನ್ನು ಬೇಕಾದಷ್ಟು ತಡವಿಲ್ಲದೆ ಕೇಳಿಸಬೇಕು. ಮೊದಲ ಎರಡನ್ನು ಚಿಕ್ಕ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಕೂಡ ಮಾಡುತ್ತದೆ. ಮೂರನೆಯದನ್ನು ಹಲವರಿಗೆ ಬೇರೆ ಬೇರೆಯಾಗಿ ಮಾಡಲಿಕ್ಕಾಗಿಯೇ ಕನ್ಸೋಲ್ ಬೇಕು. ಹಾಗಾಗಿ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು.

ಮೊದಲು ನೋಡಬೇಕಾದ್ದು ಬಸ್ಸುಗಳನ್ನು, ಅಂದರೆ ಹಲವು ಚಾನೆಲುಗಳ ದನಿಯನ್ನು ಬೇಕಾದಷ್ಟು ಬೆರೆಸಿ ಒಂದು ಕಡೆಗೆ ಒಯ್ಯುವ ದಾರಿಗಳನ್ನು. ಕೆಲವರು ಆಕ್ಸ್ ಎನ್ನುತ್ತಾರೆ, ಕೆಲವು ಕಂಪನಿಗಳು ಮಿಕ್ಸ್ ಎಂದು ಬರೆಯುತ್ತವೆ. ಸಾಮಾನ್ಯವಾಗಿ ಒಬ್ಬರ ಹೆಡ್‌ಫೋನಿಗೆ ಮೋನೊ ಕೊಟ್ಟರೆ ಒಂದು ಬಸ್, ಸ್ಟೀರಿಯೋ ಕೊಟ್ಟರೆ ಎರಡು. ಗಾಯಕಿಗೆ ತನ್ನ ದನಿ ಜೋರಾಗಿ, ಕೊಳಲಿನವರಿಗೆ ಗಾಯಕಿ ಮೆಲ್ಲಗೆ, ಡ್ರಮ್ಸಿನವರಿಗೆ ಮೆಟ್ರೊನೋಮ್ ಬಡಿತ ಬಿಟ್ಟರೆ ಬೇರೇನೂ ಬೇಡ. ಮೂವರಿಗೆ ಸ್ಟೀರಿಯೋ ಕೊಡಲು ಆರು ಬಸ್ ಹೋದವು. ಎಕ್ಸ್32ರಲ್ಲಿ ಇಂಥ 16 ಬಸ್ಸುಗಳಿವೆ. ಅದೇ ಕಂಪನಿಯ ಪುಟ್ಟ ಎಕ್ಸ್‌ಆರ್18ರಲ್ಲಿ 6. ಎರಡೂ ತಮ್ಮ ತಮ್ಮ ಕೆಲಸಕ್ಕೆ ಒಳ್ಳೆಯವೇ. ಆದರೆ ನಾಲ್ವರ ಬ್ಯಾಂಡಿಗೆ ಎರಡನೆಯದನ್ನು ತಂದು ಪ್ರತಿಯೊಬ್ಬರಿಗೂ ಸ್ಟೀರಿಯೋ ಕೊಡುತ್ತೇನೆಂದರೆ ಆಗದು. ಈ ಲೆಕ್ಕಕ್ಕೆ ಚಾನೆಲಿನ ಸಂಖ್ಯೆ ಯಾವ ಉತ್ತರವನ್ನೂ ಕೊಡುವುದಿಲ್ಲ.

ಬಸ್ಸಿಗೆ ದನಿ ಕಳಿಸುವುದು ಫೇಡರಿಗೆ (ಮಟ್ಟ ಏರಿಸಿ ಇಳಿಸುವ ಜಾರುಗುಂಡಿಗೆ) ಮೊದಲೋ ನಂತರವೋ ಎಂಬುದನ್ನು ಪ್ರತಿ ಚಾನೆಲಿಗೂ ಬೇರೆ ಬೇರೆ ಇಡಲು ಬರಬೇಕು. ಹೆಡ್‌ಫೋನಿಗೆ ಹೋಗುವುದು ಫೇಡರಿಗೆ ಮೊದಲೇ ಇರಲಿ. ಇಲ್ಲದಿದ್ದರೆ ನೀವು ನಿಮ್ಮ ಸ್ಪೀಕರಿನಲ್ಲಿ ಒಂದು ದನಿ ಕಡಿಮೆ ಮಾಡಿಕೊಂಡು ಕೇಳಲು ಹೋದಾಗ ಹಾಡುವವರ ಕಿವಿಯಲ್ಲೂ ಅದು ಇಳಿದುಹೋಗುತ್ತದೆ. ಹಾಡಿನ ನಡುವೆ ಕಾಲ ಕೆಳಗಿನ ನೆಲ ಸರಿದ ಹಾಗೆ ಆಗುತ್ತದೆ ಅವರಿಗೆ. ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಕನ್ಸೋಲಿನ ಮೇಲಿರುವ ಒಂದೋ ಎರಡೋ ಹೆಡ್‌ಫೋನ್ ಕಿಂಡಿ ಸಾಮಾನ್ಯವಾಗಿ ಕನ್ಸೋಲ್ ನಡೆಸುವವರಿಗೆ. ಬಸ್ಸುಗಳು ಹೊರಬರುವುದು ಲೈನ್ ಮಟ್ಟದಲ್ಲಿ, ಅಂದರೆ ಇನ್ನೊಂದು ಉಪಕರಣಕ್ಕೆ ಕೊಡುವ ಮಟ್ಟದಲ್ಲಿ. ಅದಕ್ಕೆ ನೇರ ಹೆಡ್‌ಫೋನ್ ಚುಚ್ಚಿದರೆ ಸರಿಯಾಗಿ ಕೇಳದು. ನಾಲ್ಕು ಜನಕ್ಕೆ ಬೇಕಾದರೆ ಬೇರೆಯೇ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ಬೇಕು. ಹಣ ಹೊಂದಿಸುವಾಗಲೇ ಅದನ್ನೂ ಸೇರಿಸಿಕೊಳ್ಳಿ.

ಹಾಡುವವರು "ನನ್ನ ದನಿ ಯಾಕೋ ಪೊಳ್ಳಾಗಿ ಕೇಳ್ತಿದೆ" ಎಂದರೆ ಆ ಚಾನೆಲಿನ ಪೊಲಾರಿಟಿ ಗುಂಡಿಯನ್ನು (ದನಿಯ ಅಲೆಯನ್ನು ತಲೆಕೆಳಗು ಮಾಡುವುದು) ಒಮ್ಮೆ ಒತ್ತಿ ನೋಡಿ. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳುತ್ತದೆ. ಹೆಡ್‌ಫೋನಿನ ದನಿ ಅದಕ್ಕೆ ವಿರುದ್ಧವಾಗಿ ಬಂದರೆ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಗುಂಡಿ ಒತ್ತಿದ ತಕ್ಷಣ ಕೆಲವರ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಹೊರಗಿನಿಂದ ಕೇಳುವ ನಮಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಅದು ಅವರೊಬ್ಬರಿಗೇ ತಿಳಿಯುವ ಸಂಗತಿ.

ಈಗ ಫ್ಯಾನಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಡಿಜಿಟಲ್ ಕನ್ಸೋಲುಗಳಲ್ಲಿ ಬಹುಪಾಲು ವೇದಿಕೆಗಾಗಿ ಹುಟ್ಟಿದವು. ಒಳಗೆ ಕಂಪ್ಯೂಟರಿನ ಹಾಗೆಯೇ ಚಿಪ್‌ಗಳು ಬಿಸಿಯಾಗುತ್ತವೆ, ತಂಪು ಮಾಡಲು ಹಲವು ಮಾದರಿಗಳಲ್ಲಿ ಫ್ಯಾನ್ ಇರುತ್ತದೆ. ಸಾವಿರ ಜನರ ಸಭೆಯಲ್ಲಿ ಅದು ಯಾರಿಗೂ ಕೇಳದು. ನನ್ನದು ಹನ್ನೆರಡಡಿಗೆ ಹತ್ತಡಿ ಕೋಣೆ. ನಿವೃತ್ತ ಮೇಷ್ಟರೊಬ್ಬರು ಕಥೆ ಓದಲು ಬರುತ್ತಾರೆ. ತಗ್ಗಿದ ದನಿ, ವಾಕ್ಯಕ್ಕೂ ವಾಕ್ಯಕ್ಕೂ ನಡುವೆ ತುಂಬು ಮೌನ. ಆ ಮೌನವೇ ಅವರ ಓದಿನ ಜೀವ. ಒಂದು ರಾತ್ರಿ ಕಂಪ್ರೆಸರ್ (ಜೋರು ದನಿಯನ್ನು ಅದುಮುವ ಸಾಧನ) ಹಾಕಿ ಮಟ್ಟ ಏರಿಸಿ ಕೇಳಿದರೆ ಪ್ರತಿ ಮೌನದಲ್ಲೂ ಸಣ್ಣಗೆ "ಸ್ಸ್ಸ್" ಎಂದು ಏನೋ ಎದ್ದು ಬರುತ್ತಿದೆ. ಮಾತು ಶುರುವಾದೊಡನೆ ಅಡಗುತ್ತದೆ, ನಿಂತೊಡನೆ ಏಳುತ್ತದೆ. ಮೊದಲು ಮೈಕನ್ನು ದೂರಿದೆ. ಕೇಬಲ್ ಬದಲಿಸಿದೆ. ಸೂರಿನ ಫ್ಯಾನ್ ಮೊದಲೇ ಆರಿಸಿತ್ತು, ಟ್ಯೂಬ್‌ಲೈಟನ್ನೂ ಆರಿಸಿದೆ. ಕೊನೆಗೆ ಬ್ಯಾಟರಿಯ ಮೇಲೆ ಓಡುವ ಲ್ಯಾಪ್‌ಟಾಪಿಗೆ ಪುಟ್ಟ ಇಂಟರ್‌ಫೇಸ್ ಹಾಕಿ, ಅದೇ ಮೈಕನ್ನು ಅದಕ್ಕೆ ಚುಚ್ಚಿ, ಕನ್ಸೋಲಿನ ಸ್ವಿಚ್ ಆರಿಸಿದೆ. ಸದ್ದು ಮಾಯವಾಯಿತು. ಹಾಕಿದೆ, ಬಂತು. ಕನ್ಸೋಲಿನ ಹಿಂಬದಿಯ ಜಾಲರಿಗೆ ಅಂಗೈ ಹಿಡಿದರೆ ಬೆಚ್ಚಗಿನ ಗಾಳಿ ತಾಗುತ್ತಿತ್ತು.

ರೋಡ್ ಎನ್‌ಟಿ1-ಎ ಎಂಬ ಮೈಕಿನ ಸ್ವಂತ ಗದ್ದಲ 5 ಡೆಸಿಬೆಲ್ ಮಾತ್ರ. ಅಂಥ ಮೈಕು ತಂದು, ಅದರಿಂದ ಆರಡಿ ದೂರದಲ್ಲಿ ಇಡೀ ದಿನ ಉಸಿರಾಡುವ ಪೆಟ್ಟಿಗೆ ಇಟ್ಟರೆ ಮೈಕಿನ ಗುಣವೆಲ್ಲ ಎಲ್ಲಿ ಉಳಿಯಿತು? ಕನ್ಸೋಲನ್ನು ನಾನು ಕೊನೆಗೆ ಪಕ್ಕದ ಕೋಣೆಗೆ ಸಾಗಿಸಿದೆ. ಬಾಗಿಲ ಕೆಳಮೂಲೆಯಲ್ಲಿ ರಂಧ್ರ ಕೊರೆದು ಕೇಬಲ್ ಹಾಯಿಸಿ, ಸುತ್ತ ಬಟ್ಟೆ ತುರುಕಿದೆ. ಸದ್ದು ಹೋಯಿತು. ಅದರ ಜೊತೆಗೆ, ಓದುವವರ ಮುಖ ನೋಡಿಕೊಂಡು ಕೆಲಸ ಮಾಡುವ ಸುಖವೂ ಹೋಯಿತು. ಈಗ ಅವರಿಗೆ ನನ್ನ ದನಿ ಟಾಕ್‌ಬ್ಯಾಕ್ (ಗುಂಡಿ ಒತ್ತಿದಾಗ ನನ್ನ ಮಾತನ್ನು ಅವರ ಹೆಡ್‌ಫೋನಿಗೆ ಮುಟ್ಟಿಸುವ ವ್ಯವಸ್ಥೆ) ಮೂಲಕ ಮಾತ್ರ. ಆ ಗುಂಡಿ ಕೈಗೆ ಸುಲಭವಾಗಿ ಸಿಗುವ ಜಾಗದಲ್ಲಿರುವುದು ಎಷ್ಟು ಮುಖ್ಯವೆಂದು ಆಗಲೇ ತಿಳಿದದ್ದು. ಸ್ಟೇಜ್‌ಬಾಕ್ಸ್, ಅಂದರೆ ಹಾಡುವವರ ಬಳಿಯೇ ಇಟ್ಟು ಮೈಕುಗಳನ್ನು ಚುಚ್ಚುವ ಪೆಟ್ಟಿಗೆ, ಬಳಸುವವರಾದರೆ ಒಂದೇ ಒಂದು ನೆಟ್‌ವರ್ಕ್ ಕೇಬಲ್ ಎಳೆದರೆ ಸಾಕು, ಹತ್ತಾರು ಮೈಕುಗಳು ಅದರಲ್ಲೇ ಬರುತ್ತವೆ. ಆದರೆ ಆ ಪೆಟ್ಟಿಗೆಯಲ್ಲೂ ಫ್ಯಾನ್ ಇದೆಯೇ ಎಂದು ನೋಡಿಯೇ ತನ್ನಿ. ಫ್ಯಾನ್ ಇಲ್ಲದ ಕನ್ಸೋಲೂ ಉಂಟು. ಕೊಳ್ಳುವ ಮುನ್ನ ಸದ್ದಿಲ್ಲದ ಜಾಗದಲ್ಲಿ ಅರ್ಧ ಗಂಟೆ ಹಾಕಿಟ್ಟು, ಕಾದ ಮೇಲೆ ಕಿವಿಗೊಡಿ. ಆಗಷ್ಟೇ ಹಾಕಿದಾಗ ಸುಮ್ಮನಿರುವವೂ ಉಂಟು.

ಮೋಟಾರು ಫೇಡರುಗಳದ್ದೂ ಒಂದು ಸದ್ದಿದೆ. ಸೀನ್ (ಮೊದಲೇ ಉಳಿಸಿಟ್ಟ ಹೊಂದಾಣಿಕೆ) ಬದಲಿಸಿದೊಡನೆ ಎಲ್ಲ ಫೇಡರೂ ಒಟ್ಟಿಗೆ ಎದ್ದು "ಟಕ್" ಎಂದು ಕೂರುತ್ತವೆ. ಟೇಕ್ ನಡೆಯುವಾಗ ಸೀನ್ ಬದಲಿಸಬಾರದು, ಅಷ್ಟೆ.

ಚಾನೆಲಿನ ಮಾತಿಗೆ ಬರುತ್ತೇನೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯೂ ಹಿಂದೆ ಇರುವ ಮೈಕ್ ಕಿಂಡಿಗಳ ಸಂಖ್ಯೆಯೂ ಒಂದೇ ಎಂದುಕೊಳ್ಳಬೇಡಿ. ಎಕ್ಸ್32 ಪ್ರೊಡ್ಯೂಸರ್ ಎಂಬ ಮಾದರಿಯ ಹೆಸರಲ್ಲಿ 32 ಇದೆ, ಮೈಕ್ ಪ್ರೀಆಂಪ್ (ಮೈಕಿನ ಕ್ಷೀಣ ಸಿಗ್ನಲ್ಲನ್ನು ಎತ್ತರಿಸುವ ಭಾಗ) ಇರುವುದು 16. ಉಳಿದವು ಸ್ಟೇಜ್‌ಬಾಕ್ಸಿನಿಂದಲೋ ಕಂಪ್ಯೂಟರಿನಿಂದಲೋ ಬರಬೇಕು. ಇದರಲ್ಲಿ ಮೋಸವೇನಿಲ್ಲ, ವಿವರಪುಟದಲ್ಲಿ ಸ್ಪಷ್ಟವಾಗಿಯೇ ಇದೆ. ಓದುವ ತಾಳ್ಮೆ ನಮಗಿರಬೇಕು. ಒಂದು ಹಾಳೆ ತೆಗೆದುಕೊಂಡು, ನಿಮ್ಮ ಕೋಣೆಯಲ್ಲಿ ಒಂದೇ ಹೊತ್ತಿಗೆ ಎಷ್ಟು ಮೈಕು ತೆರೆದಿರುತ್ತದೆ ಎಂದು ಬರೆಯಿರಿ. ಪೂರ್ತಿ ಡ್ರಮ್ ಸೆಟ್ಟಿಗೆ ಎಂಟು. ಗಿಟಾರಿಗೆ ಒಂದೋ ಎರಡೋ, ದನಿಗೆ ಒಂದು. ಅದಕ್ಕೆ ಕಂಪ್ಯೂಟರಿನಿಂದ ಮರಳಿ ಬರುವ ಎರಡು, ಟಾಕ್‌ಬ್ಯಾಕಿಗೆ ಒಂದು ಸೇರಿಸಿ. ನನ್ನ ಒಂಬತ್ತು ವರ್ಷದಲ್ಲಿ ಹದಿನಾರು ದಾಟಿದ ದಿನಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದು.

ಅದೇ ಹಾಳೆಯಲ್ಲಿ ಇನ್ನೊಂದು ಗೆರೆ ಎಳೆಯಿರಿ, ಕನ್ಸೋಲಿನಿಂದ ಕಂಪ್ಯೂಟರಿಗೆ. ಆ ಗೆರೆ ಎಲ್ಲಿಂದ ಹೊರಡುತ್ತದೆ ಎಂಬುದು ಬಹು ದೊಡ್ಡ ಪ್ರಶ್ನೆ. ಪ್ರೀಆಂಪ್ ದಾಟಿದ ಕೂಡಲೇ ಹೊರಟರೆ ಕಂಪ್ಯೂಟರಿಗೆ ಹಸಿ ದನಿ ಸಿಗುತ್ತದೆ. ಈಕ್ಯೂ (ದನಿಯ ತಗ್ಗು, ಎತ್ತರದ ಕಂಪನಗಳನ್ನು ಹೆಚ್ಚುಕಡಿಮೆ ಮಾಡುವುದು), ಕಂಪ್ರೆಸರ್ ಎಲ್ಲ ದಾಟಿದ ಮೇಲೆ ಹೊರಟರೆ ನೀವು ಆ ಗಡಿಬಿಡಿಯಲ್ಲಿ ತಿರುಗಿಸಿದ ತಪ್ಪುಗಳೂ ರೆಕಾರ್ಡಿನಲ್ಲಿ ಶಾಶ್ವತವಾಗಿ ಕೂರುತ್ತವೆ. ಅತಿಯಾಗಿ ಅದುಮಿದ ದನಿಯನ್ನು ಆಮೇಲೆ ಮೊದಲಿನಂತೆ ಬಿಡಿಸಲು ಬಾರದು. ನನಗೆ ಬೇಕಾದ್ದು ಇಷ್ಟು: ಕಿವಿಗೆ ಈಕ್ಯೂ, ಕಂಪ್ರೆಸರ್, ರಿವರ್ಬ್ ಎಲ್ಲ ಸೇರಿದ ಹಿತವಾದ ದನಿ, ಕಂಪ್ಯೂಟರಿಗೆ ಹಸಿ ದನಿ. ಎರಡೂ ಒಟ್ಟಿಗೆ ಆಗಬೇಕು. ಕೆಲವು ಕನ್ಸೋಲುಗಳಲ್ಲಿ ಈ ಜಾಗವನ್ನು ಚಾನೆಲ್ ಚಾನೆಲಿಗೂ ಆರಿಸಿಕೊಳ್ಳಬಹುದು, ಕೆಲವುಗಳಲ್ಲಿ ಎಲ್ಲಕ್ಕೂ ಸೇರಿ ಒಂದೇ. ಕೊಳ್ಳುವ ಮೊದಲು ಮ್ಯಾನ್ಯುಯಲ್ ಇಳಿಸಿಕೊಂಡು ಈ ಒಂದು ಪುಟ ಹುಡುಕಿ ಓದಿ. ಉಳಿದ ಇನ್ನೂರು ಪುಟ ಆಮೇಲೆ ನೋಡಿದರೂ ನಡೆಯುತ್ತದೆ.

ಸ್ಯಾಂಪಲ್ ರೇಟಿನ ಬಗ್ಗೆ ಜನ ಬಹಳ ಜಗಳವಾಡುತ್ತಾರೆ. ಎಕ್ಸ್32 44.1 ಮತ್ತು 48 ಕಿಲೋಹರ್ಟ್ಸಿನಲ್ಲಿ ಓಡುತ್ತದೆ, ಆಲನ್ ಅಂಡ್ ಹೀತ್ ಕಂಪನಿಯ ಎಸ್‌ಕ್ಯೂ ಸರಣಿ 96ರಲ್ಲಿ. 48ರಲ್ಲೇ 24 ಕಿಲೋಹರ್ಟ್ಸ್‌ವರೆಗಿನ ಕಂಪನ ಹಿಡಿಯಬಹುದು, ಮನುಷ್ಯರ ಕಿವಿ 20ಕ್ಕೇ ನಿಲ್ಲುತ್ತದೆ. ಬಿಟ್ ಸಂಖ್ಯೆಯದ್ದೂ, ಅಂದರೆ ಪ್ರತಿ ಸ್ಯಾಂಪಲನ್ನು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತದೆ ಎಂಬುದರದ್ದೂ, ಹಾಗೆಯೇ. 24 ಬಿಟ್ಟಿನಲ್ಲಿ ಲೆಕ್ಕಕ್ಕೆ 144 ಡೆಸಿಬೆಲ್ ಹರವು ಸಿಗುತ್ತದೆ, ನಮ್ಮ ಮನೆಗಳ ಕೋಣೆಯ ಮೌನವೇ ಅದಕ್ಕಿಂತ ಬಹಳ ಮೊದಲು ಅಡ್ಡ ಬರುತ್ತದೆ. ಇವೆರಡರ ಚಿಂತೆ ಬಿಡಿ ಎಂದೇ ನನ್ನ ಅಭಿಪ್ರಾಯ. ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಗೇನಿನ ಬಗ್ಗೆ, ಅಂದರೆ ಪ್ರೀಆಂಪ್ ಸಿಗ್ನಲ್ಲನ್ನು ಎಷ್ಟು ಎತ್ತರಿಸಬಲ್ಲದು ಎಂಬುದರ ಬಗ್ಗೆ. ಶ್ಯೂರ್ ಎಸ್‌ಎಂ7ಬಿಯಂಥ ಡೈನಾಮಿಕ್ ಮೈಕಿಗೆ 60 ಡೆಸಿಬೆಲಿನಷ್ಟು ಗೇನ್ ಬೇಕು. ಪ್ರೀಆಂಪಿನ ಗರಿಷ್ಠ ಗೇನ್ ಅಲ್ಲಿಗೇ ಮುಗಿಯುವಂತಿದ್ದರೆ ಮೆಲುದನಿಯವರನ್ನು ರೆಕಾರ್ಡ್ ಮಾಡುವುದು ಕಷ್ಟ.

ಕಂಪ್ಯೂಟರಿಗೆ ಹೋಗುವ ಕೇಬಲ್ ಯಾವುದು ಎಂಬುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 2009ರ ಹೊತ್ತಿಗೆ ಫೈರ್‌ವೈರ್ ಎಂಬ ಬಗೆಯ ಕೇಬಲ್ ಎಂದರೆ ಎಲ್ಲರೂ ಹೌದೆನ್ನುತ್ತಿದ್ದರು. ಪ್ರಿಸೋನಸ್ ಕಂಪನಿ ಆ ವರ್ಷ ತಂದ ಸ್ಟುಡಿಯೋಲೈವ್ 16.4.2 ಕೂಡ ಫೈರ್‌ವೈರಿನದೇ. ಇಂದಿನ ಹೊಸ ಕಂಪ್ಯೂಟರುಗಳಲ್ಲಿ ಆ ಕಿಂಡಿಯೇ ಇಲ್ಲ. ನನ್ನ ಗೆಳೆಯನೊಬ್ಬ ಹಳೆಯ ಕನ್ಸೋಲಿಗಾಗಿಯೇ ಹಳೆಯ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಕಾಪಾಡಿಕೊಂಡಿದ್ದಾನೆ. ಎರಡನೇ ಕೈಯ ಮಾಲು ಕೊಳ್ಳುವವರು ಇದನ್ನು ಮೊದಲು ನೋಡಬೇಕು. ಯುಎಸ್‌ಬಿ ಇದ್ದರೂ, ಕಂಪನಿಯ ಡ್ರೈವರ್ ಸಾಫ್ಟ್‌ವೇರ್ ಇಲ್ಲದೆ ನಡೆಯುವ ಕ್ಲಾಸ್ ಕಂಪ್ಲಯಂಟ್ ಮಾದರಿಯಾದರೆ ಮುಂದಿನ ಹತ್ತು ವರ್ಷಕ್ಕೆ ಧೈರ್ಯ. ಕಂಪನಿ ಡ್ರೈವರ್ ಬರೆಯುವುದನ್ನು ನಿಲ್ಲಿಸಿದ ದಿನ ಕನ್ಸೋಲಿಗೆ ಏನೂ ಆಗಿರುವುದಿಲ್ಲ, ಆದರೂ ಅದು ಮೂಲೆ ಸೇರುತ್ತದೆ.

ಎಸ್‌ಡಿ ಕಾರ್ಡಿಗೆ ನೇರವಾಗಿ ಎಲ್ಲ ಟ್ರ್ಯಾಕುಗಳನ್ನೂ ಬರೆಯುವ ಸೌಲಭ್ಯವಿದ್ದರೆ ಒಳ್ಳೆಯದು. ಟಾಸ್ಕಮ್ ಮಾಡೆಲ್ 24ರಲ್ಲಿ, ಜೂಮ್ ಎಲ್-20ಯಲ್ಲಿ ಅದಿದೆ. ಮಾಡೆಲ್ 24 ಪೂರ್ತಿ ಡಿಜಿಟಲ್ ಮಿಕ್ಸರಲ್ಲ, ಅನಲಾಗ್ ಮಿಕ್ಸರಿನೊಳಗೆ ಡಿಜಿಟಲ್ ರೆಕಾರ್ಡರ್ ಕೂರಿಸಿದ್ದಾರೆ. ಮೆನುವಿನೊಳಗೆ ಇಳಿದು ಹುಡುಕುವುದು ಆಗದವರಿಗೆ ಅಂಥದ್ದೇ ವಾಸಿ. ಹದಿನಾರು ಟ್ರ್ಯಾಕನ್ನು 24 ಬಿಟ್, 48 ಕಿಲೋಹರ್ಟ್ಸಿನಲ್ಲಿ ಒಂದು ಗಂಟೆ ಬರೆದರೆ ಸುಮಾರು 8.3 ಗಿಗಾಬೈಟ್ ಆಗುತ್ತದೆ. ಕಾರ್ಡನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಒಳ್ಳೆಯ ಟೇಕಿನ ನಡುವೆ ಕಂಪ್ಯೂಟರ್ ನಿಂತುಹೋದ ಸಂಕಟ ಕಂಡವರಿಗೆ ಇದರ ಬೆಲೆ ಗೊತ್ತು.

ಫೇಡರ್ ಇಲ್ಲದೆ ಟ್ಯಾಬ್ಲೆಟಿನ ಮೇಲೆಯೇ ನಡೆಯುವ ಪೆಟ್ಟಿಗೆಗಳು ಈಗ ಬಹಳ. ಜಾಗ ಉಳಿಯುತ್ತದೆ, ಕೋಣೆಯ ಮೂಲೆಯಲ್ಲಿ ಅಡಗಿಸಿಡಬಹುದು. ಹಾಡುವವರು ತಮ್ಮ ಫೋನಿನಲ್ಲೇ ತಮ್ಮ ಹೆಡ್‌ಫೋನಿನ ಮಟ್ಟ ಸರಿಮಾಡಿಕೊಳ್ಳುವ ಅನುಕೂಲವೂ ಕೆಲವುಗಳಲ್ಲಿದೆ. ಅದು ದೊಡ್ಡ ಸೌಲಭ್ಯವೇ. ಆದರೂ ನನ್ನ ಕೈಗೆ ಫೇಡರೇ ಬೇಕು. 1994ರಲ್ಲಿ ಯಮಾಹಾ ಪ್ರೊಮಿಕ್ಸ್ 01 ಬಂದಾಗ, ತಾನಾಗಿ ಚಲಿಸುವ ಫೇಡರುಗಳು ಮೇಜಿನ ಮೇಲೆ ಇಡಬಹುದಾದ ಪುಟ್ಟ ಕನ್ಸೋಲಿಗೂ ಬಂದವು. ವರ್ಷಗಳ ನಂತರ ಅಂಥದ್ದೊಂದನ್ನು ಮೊದಲ ಸಲ ಮುಟ್ಟಿದ ನೆನಪು ಇನ್ನೂ ಹಸಿರಾಗಿದೆ. ಗಾಜಿನ ಪರದೆಯ ಮೇಲೆ ಬೆರಳಿಗೆ ಏನೂ ತಾಗುವುದಿಲ್ಲ, ಕಣ್ಣು ಅಲ್ಲೇ ಇರಬೇಕು. ಫೇಡರಿನ ಮೇಲೆ ಬೆರಳಿಟ್ಟರೆ ಕಣ್ಣು ಹಾಡುವವರ ಕಡೆ ಇಡಬಹುದು. ಅವರು ಉಸಿರೆಳೆದುಕೊಳ್ಳುವುದು ಕಂಡೊಡನೆ ಬೆರಳು ತಾನೇ ಸಿದ್ಧವಾಗುತ್ತದೆ. ಅದೇ ಫೇಡರುಗಳು ಕಂಪ್ಯೂಟರಿನ ರೆಕಾರ್ಡಿಂಗ್ ಸಾಫ್ಟ್‌ವೇರನ್ನೂ ನಡೆಸುವಂತಿದ್ದರೆ ಆಮೇಲಿನ ಮಿಕ್ಸಿಂಗಿಗೂ ಅವೇ ಒದಗುತ್ತವೆ.

ಹೊಸ ಕನ್ಸೋಲಿಗೆ ಬೇರೊಂದು ಡಿಜಿಟಲ್ ಪ್ರೀಆಂಪ್ ಜೋಡಿಸುವವರಿದ್ದರೆ ಕ್ಲಾಕ್, ಅಂದರೆ ಸ್ಯಾಂಪಲುಗಳ ಲೆಕ್ಕ ಹಿಡಿಯುವ ಒಳಗಿನ ಗಡಿಯಾರ, ಮರೆಯಬೇಡಿ. ಒಂದು ಯಜಮಾನನಾಗಬೇಕು, ಇನ್ನೊಂದು ಅದರ ಲೆಕ್ಕ ಹಿಡಿಯಬೇಕು. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಓಡಿದರೆ ಆಗೀಗ "ಟಿಕ್" ಎನ್ನುತ್ತದೆ, ಕಾರಣ ಹುಡುಕಿ ಹುಡುಕಿ ಸಾಕಾಗುತ್ತದೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನೀವೊಬ್ಬರೇ ಹಾಡಿ, ನೀವೊಬ್ಬರೇ ಗಿಟಾರ್ ನುಡಿಸಿ, ಒಂದಾದ ಮೇಲೊಂದು ಟ್ರ್ಯಾಕ್ ಸೇರಿಸುವವರಾದರೆ ಕನ್ಸೋಲ್ ಬೇಡ. ಡೈರೆಕ್ಟ್ ಮಾನಿಟರ್ (ದನಿಯನ್ನು ಕಂಪ್ಯೂಟರ್ ಮುಟ್ಟಿಸದೆ ಕಿವಿಗೆ ಕೊಡುವ ಸೌಲಭ್ಯ) ಇರುವ ಎರಡು ಕಿಂಡಿಯ ಇಂಟರ್‌ಫೇಸ್ ಸಾಕು. ಉಳಿದ ಹಣವನ್ನು ಕೋಣೆಗೆ ಹಾಕಿ. ಬರಿಗೋಡೆಯ ಕೋಣೆಯಲ್ಲಿ ರೆಕಾರ್ಡ್ ಆದ ದನಿಯ ಗುಂಯ್‌ಗುಟ್ಟುವಿಕೆಯನ್ನು ಎಂಥ ಕನ್ಸೋಲೂ ಪೂರ್ತಿ ತೆಗೆಯಲಾರದು. ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಕೂತು ನುಡಿಸುತ್ತಾರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಕೇಳಿಸಬೇಕು ಎಂದಾಗ ಕನ್ಸೋಲಿನ ಕಡೆ ನೋಡಿ.

ನೋಡುವಾಗ ಇನ್ನೊಂದು ಉಪಾಯವಿದೆ. ಹಲವು ಕಂಪನಿಗಳು ತಮ್ಮ ಕನ್ಸೋಲನ್ನು ನಡೆಸುವ ಎಡಿಟರ್ ಸಾಫ್ಟ್‌ವೇರನ್ನು ಉಚಿತವಾಗಿ ಇಳಿಸಿಕೊಳ್ಳಲು ಕೊಡುತ್ತವೆ. ಕನ್ಸೋಲ್ ಇಲ್ಲದೆಯೂ ಅದು ತೆರೆದುಕೊಳ್ಳುತ್ತದೆ. ಒಂದು ಸಂಜೆ ಕೂತು, ನಿಮ್ಮ ಹಾಳೆಯಲ್ಲಿ ಬರೆದ ದಾರಿಯನ್ನೆಲ್ಲ ಅದರಲ್ಲಿ ಕಟ್ಟಿ ನೋಡಿ: ಇವಳ ದನಿ ಈ ಬಸ್ಸಿಗೆ, ಫೇಡರಿಗೆ ಮೊದಲು, ಹಸಿ ದನಿ ಕಂಪ್ಯೂಟರಿಗೆ, ರಿವರ್ಬ್ ಕಿವಿಗೆ ಮಾತ್ರ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಕೊಂಡ ಮೇಲೂ ಅಲ್ಲೇ ಸಿಕ್ಕಿಕೊಳ್ಳುತ್ತೀರಿ. ನಾನು ಎರಡನೇ ಕನ್ಸೋಲ್ ತರುವ ಮುಂಚೆ ಹೀಗೆ ಮೂರು ಸಾಫ್ಟ್‌ವೇರ್ ಕಟ್ಟಿ ನೋಡಿದೆ. ಅಂಗಡಿಯಲ್ಲಿ ಬೆಳಗುತ್ತಿದ್ದ ಒಂದನ್ನು ಆ ಸಂಜೆಯೇ ಪಟ್ಟಿಯಿಂದ ಹೊಡೆದುಹಾಕಿದೆ. ಫ್ಯಾನಿನ ಸದ್ದು ಸಾಫ್ಟ್‌ವೇರಿನಲ್ಲಿ ಕೇಳುವುದಿಲ್ಲವಾದ್ದರಿಂದ ಆ ಒಂದು ಪಾಠ ಮಾತ್ರ ಮೇಷ್ಟರ ಮೌನದಿಂದಲೇ ಕಲಿಯಬೇಕಾಯಿತು.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಆ ಲೇಖನದ ಕೊನೆಯಲ್ಲಿ ಕನ್ಸೋಲುಗಳ ಪಟ್ಟಿಯೊಂದಿದೆ. ಅದರಲ್ಲಿ ಹೆಸರು ಮತ್ತು ಚಾನೆಲ್ ಸಂಖ್ಯೆಯ ಕಾಲಂಗಳು ಮಾತ್ರ ಇವೆ. ಮುಂದಿನ ಸಲ ಪ್ರಕಟಿಸುವಾಗ ಅದರ ಪಕ್ಕ ಇನ್ನು ನಾಲ್ಕು ಕಾಲಂ ಸೇರಿಸಿ: ಹೆಡ್‌ಫೋನಿಗೆ ಒದಗುವ ಬಸ್ ಎಷ್ಟು, ಒಳಗಿನಿಂದ ಹೊರಕ್ಕೆ ಎಷ್ಟು ಮಿಲಿಸೆಕೆಂಡ್, ಫ್ಯಾನ್ ಇದೆಯೋ ಇಲ್ಲವೋ, ಕಂಪ್ಯೂಟರಿಗೆ ಹಸಿ ದನಿ ಕಳಿಸಲು ಬರುತ್ತದೋ ಇಲ್ಲವೋ. ಮೊದಲ ಎರಡು ಮತ್ತು ಕೊನೆಯದು ಕಂಪನಿಗಳ ಮ್ಯಾನ್ಯುಯಲಿನಲ್ಲೋ ವಿವರಪುಟದಲ್ಲೋ ಸಾಮಾನ್ಯವಾಗಿ ಸಿಗುತ್ತವೆ. ಫ್ಯಾನಿನದ್ದು ಎಲ್ಲರೂ ಬರೆಯುವುದಿಲ್ಲ. ನಿಮ್ಮ ವರದಿಗಾರರು ಕೇಳಿದರೆ ಬಹುಶಃ ಹೇಳಿಯಾರು. ಜಾಗದ ಅಭಾವವಿದ್ದರೆ ಚಾನೆಲಿನ ಕಾಲಮ್ಮನ್ನು ತೆಗೆದರೂ ನನ್ನ ಅಭ್ಯಂತರವಿಲ್ಲ.

ಇಂತಿ ನಿಮ್ಮ ಓದುಗ,
ಮನೆ ಸ್ಟುಡಿಯೋ ನಡೆಸುವ ಒಬ್ಬ ಸೌಂಡ್ ಎಂಜಿನಿಯರ್